ಮಾಜಿ ಸೈನಿಕನಿಗೊಂದು ಸೂರು

ಸೈನಿಕ ಸೇವೆಯಲ್ಲಿರುವಷ್ಟು ದಿನ ಅವನ ತಲೆಯ ಮೇಲಿನ ಸೂರು ಸರ್ಕಾರದ್ದು. ಒಂಟಿಯಾಗಿದ್ದರೆ ಬ್ಯಾರಕ್ಕು, ಸಂಸಾರವಿದ್ದು ಸರದಿ ಬಂದರೆ ಕ್ವಾರ್ಟರ್ಸು, ಗಡಿಯಲ್ಲಿದ್ದರೆ ಬಂಕರು. ನಿವೃತ್ತಿಯ ದಿನ ಸಮವಸ್ತ್ರದ ಜೊತೆಗೆ ಆ ಸೂರನ್ನೂ ಹಿಂದಿರುಗಿಸಬೇಕು. ಊರಿನ ಓರಗೆಯವರು ಜಾಗ ಮಾಡಿ, ಬಾವಿ ತೋಡಿಸಿ, ಗೋಡೆ ಏರಿಸುತ್ತಿದ್ದ ಇಪ್ಪತ್ತು ವರ್ಷ ಅವನು ಊರಿನಲ್ಲಿ ಇರಲಿಲ್ಲ. ಮರಳಿ ಬರುವಾಗ ಕೈಯಲ್ಲಿ ಡಿಸ್ಚಾರ್ಜ್ ಪುಸ್ತಕ, ಕಬ್ಬಿಣದ ಪೆಟ್ಟಿಗೆ, ಒಂದಿಷ್ಟು ಗ್ರಾಚ್ಯುಟಿ ಹಣ ಇರುತ್ತದೆ. ಮನೆ ಇರುತ್ತದೆಯೋ ಇಲ್ಲವೋ ಎಂಬುದು ಅವನ ಕುಟುಂಬ, ಆರೋಗ್ಯ ಮತ್ತು ಅದೃಷ್ಟಕ್ಕೆ ಬಿಟ್ಟದ್ದು.

ಬಹುಪಾಲು ಮಾಜಿ ಸೈನಿಕರು ಈ ಘಟ್ಟವನ್ನು ದಾಟುತ್ತಾರೆ. 15 ವರ್ಷ ಸೇವೆ ಪೂರೈಸಿದ ಜವಾನನಿಗೆ ಜೀವಮಾನವಿಡೀ ಪಿಂಚಣಿ ಬರುತ್ತದೆ. 2003ರಿಂದ ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆಯಡಿ, ಅಂದರೆ ಇಸಿಎಚ್‌ಎಸ್ ಅಡಿಯಲ್ಲಿ, ಚಿಕಿತ್ಸೆಯೂ ಸಿಗುತ್ತಿದೆ. ದಾಟಲಾಗದವರು ಯಾರು ಎಂಬುದೇ ಪ್ರಶ್ನೆ. ಹಿಂದಿನ ಕಾಲದಲ್ಲಿ ಕೆಲವೇ ವರ್ಷ ದುಡಿದು ಪಿಂಚಣಿಯ ಅವಧಿ ತುಂಬದೆ ಮನೆಗೆ ಬಂದವರು, ಎರಡನೇ ಮಹಾಯುದ್ಧದ ಸೈನಿಕರ ವಿಧವೆಯರು, ಮಾನಸಿಕ ಕಾಯಿಲೆಯಿಂದಲೋ ಕುಡಿತದಿಂದಲೋ ಮನೆ ಬಿಟ್ಟು ಹೋದವರು, ಮಕ್ಕಳು ಕೈಬಿಟ್ಟ ವೃದ್ಧರು ಈ ಗುಂಪಿಗೆ ಸೇರುತ್ತಾರೆ. ಮುಂದೆ ಇನ್ನೊಂದು ಗುಂಪು ಇವರ ಜೊತೆಗೂಡಲಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರಿದವರ ಪೈಕಿ ಗರಿಷ್ಠ ಶೇ. 25ರಷ್ಟು ಮಂದಿ ಮಾತ್ರ ನಾಲ್ಕು ವರ್ಷದ ನಂತರ ಸೇನೆಯಲ್ಲಿ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಪಡೆದು ಪಿಂಚಣಿಯಿಲ್ಲದೆ ಊರಿಗೆ ಬರುತ್ತಾರೆ. ಇಪ್ಪತ್ತೈದರ ಆಸುಪಾಸಿನ ಅವರು ಇಂದು ಸೂರಿಲ್ಲದವರೇನಲ್ಲ. ಆದರೆ ತಿಂಗಳ ಪಿಂಚಣಿ ಎಂಬ ಆಧಾರಸ್ತಂಭ ಅವರ ಮುಪ್ಪಿಗೆ ಇರುವುದಿಲ್ಲ ಎಂಬುದನ್ನು ಈಗಲೇ ಗಮನಿಸಬೇಕು.

ಸೂರಿಲ್ಲದಿರುವುದು ಎಂದರೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗುವುದು ಎಂದಷ್ಟೇ ನಮ್ಮಲ್ಲಿ ತಿಳಿಯುವುದುಂಟು. 2011ರ ಜನಗಣತಿ ಹಾಗೆ ಬಯಲಿನಲ್ಲಿ, ಪೈಪಿನಲ್ಲಿ, ಸೇತುವೆಯಡಿ, ದೇವಸ್ಥಾನದ ಜಗಲಿಯಲ್ಲಿ ಇದ್ದವರನ್ನು ಎಣಿಸಿದಾಗ ದೇಶದಲ್ಲಿ 17.7 ಲಕ್ಷ ಜನ ಸಿಕ್ಕರು, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ಅವರಲ್ಲಿ ಒಂದು ಕಾಲಕ್ಕೆ ಸಮವಸ್ತ್ರ ತೊಟ್ಟವರು ಎಷ್ಟು ಎಂದು ಆ ಎಣಿಕೆಯಲ್ಲಿ ಕೇಳಲಿಲ್ಲ. ಹಳ್ಳಿಯ ಸೂರಿಲ್ಲದ ಬದುಕು ಇದಕ್ಕಿಂತಲೂ ಮರೆಯಲ್ಲಿರುತ್ತದೆ. ಟರ್ಪಾಲು ಹೊದಿಸಿದ ಹಟ್ಟಿಯ ಮೂಲೆ, ತಂಗಿಯ ಮನೆಯ ಚಾವಡಿ, ಮಳೆಗೆ ನೆನೆದು ಬಿರುಕು ಬಿಟ್ಟ ಮಣ್ಣಿನ ಗೋಡೆ, ಅನಾಥಾಶ್ರಮದ ಮಂಚ ಇವೆಲ್ಲ ಸ್ವಂತ ಸೂರಿಲ್ಲದವರ ವಿಳಾಸಗಳೇ.

ದಕ್ಷಿಣ ಕನ್ನಡದಲ್ಲಿ ಈ ಸಮಸ್ಯೆಗೆ ತನ್ನದೇ ಒಂದು ಚರಿತ್ರೆಯಿದೆ. ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ಗಂಡಸಿನ ಹಕ್ಕಿನ ಮನೆ ಹೆಂಡತಿಯದೂ ಅಲ್ಲ, ಮಕ್ಕಳದೂ ಅಲ್ಲ, ತಾಯಿಯ ಕಡೆಯ ಕುಟುಂಬದ ಮನೆ. ಎಲ್ಲಿ ದುಡಿದು ಬಂದರೂ ಮುಪ್ಪಿನಲ್ಲಿ ಅಲ್ಲೊಂದು ಮೂಲೆ ಇರುತ್ತಿತ್ತು. ಮದರಾಸು ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಮನೆಗಳು ಪಾಲಾದವು. ಪಾಲಿನ ಪಂಚಾತಿಕೆಯ ಹೊತ್ತಿಗೆ ದೂರದ ಗಡಿಯಲ್ಲಿದ್ದವನಿಗೆ ಊರಿನ ಮಾತುಕತೆ ತಲುಪುತ್ತಿದ್ದದ್ದು ಪತ್ರದಲ್ಲಿ, ಅದೂ ತಡವಾಗಿ. ಬಳಿಕ ಉಳುವವನೇ ಹೊಲದೊಡೆಯ ಎಂಬ ಕಾಲ ಬಂತು. ಭೂಸುಧಾರಣೆಯನ್ನು ರೂಪಿಸಿದವರಿಗೆ ಸೈನಿಕನ ಕಷ್ಟ ತಿಳಿದಿತ್ತು. ಗೇಣಿಯನ್ನು ಸಾರಾಸಗಟಾಗಿ ರದ್ದು ಮಾಡಿದ ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲೇ ಸೈನಿಕರಿಗೂ ನಾವಿಕರಿಗೂ ವಿನಾಯಿತಿಯಿದೆ. ಅವರು ಭೂಮಿಯನ್ನು ಗೇಣಿಗೆ ಕೊಡಬಹುದು, ಸೇವೆ ಮುಗಿಸಿ ಬಂದಾಗ ಹಿಂದಕ್ಕೆ ಪಡೆಯಬಹುದು. ಊರಿನಿಂದ ದೂರವಿದ್ದ ತಪ್ಪಿಗೆ ಅವನು ನೆಲ ಕಳೆದುಕೊಳ್ಳಬಾರದು ಎಂಬ ನ್ಯಾಯಬುದ್ಧಿ ಆ ಸಾಲುಗಳಲ್ಲಿ ಕಾಣುತ್ತದೆ. ಭೂಮಿ ಇದ್ದವನಿಗೆ ಅದು ಒದಗಿತು. ಮೊದಲಿನಿಂದಲೂ ಭೂಮಿ ಇಲ್ಲದವನಿಗೆ ಬೇರೆ ಆಸರೆ ಬೇಕಿತ್ತು.

ಮಾಜಿ ಸೈನಿಕರ ಸೂರಿಲ್ಲದ ಸ್ಥಿತಿಯನ್ನು ಒಂದು ಪ್ರತ್ಯೇಕ ಸಮಸ್ಯೆಯೆಂದು ಹೆಸರಿಟ್ಟು, ಎಣಿಸಿ, ಇಳಿಸಲು ಹೊರಟ ದೇಶಗಳಲ್ಲಿ ಅಮೆರಿಕದ್ದು ದೊಡ್ಡ ಉದಾಹರಣೆ. ವಿಯೆಟ್ನಾಂ ಯುದ್ಧದ ನಂತರ ಅಲ್ಲಿನ ನಗರಗಳ ಬೀದಿಗಳಲ್ಲಿ ಮಾಜಿ ಯೋಧರು ಮಲಗುವುದು ಮಾಮೂಲಿ ದೃಶ್ಯವಾಗಿತ್ತು. 2010ರ ಜನವರಿಯ ಒಂದು ರಾತ್ರಿಯ ಎಣಿಕೆಯಲ್ಲಿ ಅಂಥವರು ಸುಮಾರು 74,000 ಮಂದಿ ಇದ್ದರು. 2024ರ ಜನವರಿಯ ಎಣಿಕೆಯಲ್ಲಿ ಆ ಸಂಖ್ಯೆ 32,882ಕ್ಕೆ ಇಳಿಯಿತು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದೇ 2024ರಲ್ಲಿ ಆ ದೇಶದ ಒಟ್ಟು ಸೂರಿಲ್ಲದವರ ಸಂಖ್ಯೆ ಶೇ. 18ರಷ್ಟು ಏರಿ 7.7 ಲಕ್ಷ ದಾಟಿತ್ತು. ಮನೆ ಬಾಡಿಗೆ ಎಲ್ಲರಿಗೂ ಏರಿತು, ಬೀದಿಗೆ ಬಿದ್ದವರು ಹೆಚ್ಚಿದರು. ಮಾಜಿ ಸೈನಿಕರ ಸಂಖ್ಯೆ ಮಾತ್ರ ಇಳಿಯಿತು. ಆದ್ದರಿಂದ ಈ ಇಳಿಕೆ ಒಳ್ಳೆಯ ಕಾಲದ ಫಲವಲ್ಲ, ಮಾಡಿದ ಕೆಲಸದ ಫಲ.

ಆ ಕೆಲಸದ ಹೂರಣ ಸರಳವಾಗಿದೆ. ಅಲ್ಲಿನ ವಸತಿ ಇಲಾಖೆಯ ಬಳಿ ಬಾಡಿಗೆ ಕಟ್ಟುವ ಹಣವಿತ್ತು. ಮಾಜಿ ಸೈನಿಕರ ಇಲಾಖೆಯ ಬಳಿ ವೈದ್ಯರೂ ಸಮಾಜಸೇವಾ ಕಾರ್ಯಕರ್ತರೂ ಇದ್ದರು. ಬಾಡಿಗೆ ಚೀಟಿ ಮಾತ್ರ ಕೊಟ್ಟರೆ ಮನೋರೋಗವಿದ್ದವನು ಮೂರೇ ತಿಂಗಳಲ್ಲಿ ಮನೆ ಕಳೆದುಕೊಳ್ಳುತ್ತಾನೆ. ಔಷಧ ಮಾತ್ರ ಕೊಟ್ಟರೆ ಅದನ್ನು ಇಟ್ಟುಕೊಳ್ಳಲು ಅವನಿಗೆ ಗೋಡೆಗೂಡೂ ಇರುವುದಿಲ್ಲ. ಎರಡನ್ನೂ ಒಂದೇ ಮನುಷ್ಯನ ಹೆಸರಿಗೆ ಒಟ್ಟಿಗೆ ಕೊಡುವ ಜಂಟಿ ಕಾರ್ಯಕ್ರಮ 1992ರಲ್ಲಿ ಶುರುವಾಗಿ, 2008ರಿಂದ ದೊಡ್ಡದಾಗಿ ಬೆಳೆಯಿತು. ಬಾಡಿಗೆ ಬಾಕಿ ಉಳಿದು ಇನ್ನೇನು ಬೀದಿಗೆ ಬೀಳಲಿರುವ ಕುಟುಂಬವನ್ನು ತಡೆದು ನಿಲ್ಲಿಸುವ ಕೆಲಸಕ್ಕೆ ಊರೂರಿನ ಸೇವಾಸಂಸ್ಥೆಗಳಿಗೆ ನೇರ ಅನುದಾನ ಕೊಡುವ ಮತ್ತೊಂದು ಯೋಜನೆ ಇದರ ಜೊತೆಗೆ ಬಂತು. ಕುಡಿತ ಬಿಟ್ಟ ಮೇಲೆ ಮನೆ, ಕೆಲಸ ಹಿಡಿದ ಮೇಲೆ ಮನೆ ಎಂಬ ಷರತ್ತುಗಳನ್ನು ಕೈಬಿಟ್ಟರು. ಮೊದಲು ಮನೆ, ಉಳಿದದ್ದೆಲ್ಲ ಆ ಮನೆಯೊಳಗಿನಿಂದ ಎಂಬ ಕ್ರಮ ಹಿಡಿದರು.

ಹಣಕ್ಕಿಂತಲೂ ಹೆಚ್ಚಿನ ಬದಲಾವಣೆ ತಂದದ್ದು ಒಂದು ಪಟ್ಟಿ. ನಗರಸಭೆ, ಆಸ್ಪತ್ರೆ, ಪೊಲೀಸರು, ರಾತ್ರಿ ಆಶ್ರಯ ನಡೆಸುವವರು, ಮನೆ ಬಾಡಿಗೆಗೆ ಕೊಡುವವರು ವಾರಕ್ಕೊಮ್ಮೆ ಒಂದೇ ಮೇಜಿನ ಸುತ್ತ ಕೂತು, ಊರಿನ ಸೂರಿಲ್ಲದ ಪ್ರತಿಯೊಬ್ಬ ಮಾಜಿ ಸೈನಿಕನನ್ನೂ ಹೆಸರು ಹಿಡಿದು ಚರ್ಚಿಸಿದರು. ಇಂಥವನು ಎಲ್ಲಿದ್ದಾನೆ, ಅವನಿಗೆ ಏನು ಬೇಕು, ಅದನ್ನು ಕೊಡುವವರು ಯಾರು, ಎಂದಿನೊಳಗೆ ಎಂದು ಬರೆದುಕೊಂಡರು. 2015ರ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ನಗರವೂ ಅದೇ ವರ್ಷದ ಕೊನೆಯಲ್ಲಿ ವರ್ಜೀನಿಯಾ ರಾಜ್ಯವೂ ತಮ್ಮಲ್ಲಿ ಈ ಸಮಸ್ಯೆ ಹತೋಟಿಗೆ ಬಂದಿದೆ ಎಂದು ಸಾರಿದವು. ಇನ್ನು ಮುಂದೆ ಒಬ್ಬರೂ ಬೀದಿಗೆ ಬರುವುದಿಲ್ಲ ಎಂಬುದು ಆ ಮಾತಿನ ಅರ್ಥವಲ್ಲ. ಬಂದವರಿಗೆ ಬೇಗನೆ ಮನೆ ಕೊಡುವಷ್ಟು ವ್ಯವಸ್ಥೆ ನಿಂತಿದೆ ಎಂದು ಅರ್ಥ.

ಭಾರತದಲ್ಲಿ ಈ ಕೆಲಸದ ಬೇರು ಹಳೆಯದು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಊರಿಗೆ ಮರಳಿದ ಸಿಪಾಯಿಗಳಿಗಾಗಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಹುಟ್ಟಿತು. 1975ರಲ್ಲಿ ಅದಕ್ಕೆ ಕೇಂದ್ರೀಯ ಸೈನಿಕ ಮಂಡಳಿ ಎಂಬ ಹೆಸರು ಬಂತು. ಅದರ ಕೆಳಗೆ ರಾಜ್ಯ ಮತ್ತು ಜಿಲ್ಲಾ ಮಟ್ಟದ ಕಚೇರಿಗಳಿವೆ. ಕರ್ನಾಟಕದಲ್ಲಿ ಇವು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗಳು. ಜಿಲ್ಲಾ ಕಚೇರಿಗಳ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ, ಅಂದರೆ ಇದು ಜಂಟಿ ವ್ಯವಸ್ಥೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನಾಚರಣೆಯ ಹೆಸರಿನಲ್ಲಿ ಶಾಲೆ, ಕಚೇರಿ, ಅಂಗಡಿಗಳಲ್ಲಿ ಸಂಗ್ರಹವಾಗುವ ಚಿಲ್ಲರೆ ಕಾಸು ಸೇರುವುದೂ ಈ ಕೆಲಸಕ್ಕೇ.

ಆ ಧ್ವಜ ದಿನದ ನಿಧಿಯಿಂದ ಪಿಂಚಣಿಯಿಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಮಾಸಾಶನವಿದೆ. ಅದು ತಿಂಗಳಿಗೆ 4,000 ರೂಪಾಯಿ ಇತ್ತು, 2025ರ ನವೆಂಬರ್‌ನಿಂದ 8,000 ಆಗಿದೆ. ಪೂರ್ತಿ ಅಂಗವಿಕಲರಾದ ಮಾಜಿ ಸೈನಿಕರ ಮನೆ ದುರಸ್ತಿಗೆ 20,000 ರೂಪಾಯಿ ನೆರವಿದೆ. ಯುದ್ಧದಲ್ಲಿ ಗಾಯಗೊಂಡು ಅಂಗವಿಕಲರಾದವರಿಗೂ ಮಡಿದವರ ಮನೆಯವರಿಗೂ ಗೃಹಸಾಲದ ಬಡ್ಡಿಯಲ್ಲಿ ಅರ್ಧವನ್ನು ಒಂದು ಮಿತಿಯವರೆಗೆ ಭರಿಸುವ ನೆರವೂ ಇದೆ. ಅನುಕೂಲವಿದ್ದವರು ಕಂತು ಕಟ್ಟಿ ಮನೆ ಕೊಳ್ಳಲೆಂದು 1978ರಲ್ಲಿ ಸೇನಾ ಕಲ್ಯಾಣ ವಸತಿ ಸಂಸ್ಥೆ ಹುಟ್ಟಿತು. ಆದರೆ ಅದರ ಕಟ್ಟಡಗಳು ನಗರಗಳಲ್ಲಿವೆ, ಹಳ್ಳಿಯ ಪಿಂಚಣಿರಹಿತ ಮುದುಕನಿಗೆ ಅದು ಎಟುಕುವುದಿಲ್ಲ. ಪುಣೆಯ ಖಡ್ಕಿಯಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯೋಧರಿಗೆಂದೇ 1974ರಿಂದ ಪುನರ್ವಸತಿ ಕೇಂದ್ರ ನಡೆಯುತ್ತಿದೆ. ಅಲ್ಲಿ ವಾಸ, ಚಿಕಿತ್ಸೆ, ಕೆಲಸ ಮೂರೂ ಒಂದೇ ಆವರಣದಲ್ಲಿವೆ, ಸರ್ಕಾರದ ಹಣವೂ ದಾನಿಗಳ ಹಣವೂ ಸೇರಿ ಅದು ನಡೆಯುತ್ತದೆ.

ಇಷ್ಟೆಲ್ಲ ಇದ್ದೂ ಹಳ್ಳಿಯಲ್ಲಿ ಗೋಡೆ ಏಳುವುದಿಲ್ಲವೇಕೆ? 20,000 ರೂಪಾಯಿಯಲ್ಲಿ ಇಂದು ಹಂಚು ಬದಲಿಸಬಹುದು, ಮನೆ ಕಟ್ಟಲಾಗದು. ಮನೆ ಕಟ್ಟುವ ಹಣ ಸೈನಿಕ ಮಂಡಳಿಯ ಬಳಿ ಇಲ್ಲ, ಅದು ಗ್ರಾಮ ಪಂಚಾಯಿತಿಯ ಮೂಲಕ ಬರುವ ವಸತಿ ಯೋಜನೆಗಳಲ್ಲಿದೆ. 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಇದಕ್ಕೆ ಒಳ್ಳೆಯ ಮಾದರಿ. ಬಯಲುಸೀಮೆಯ ಲೆಕ್ಕದಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿ, ಅದರಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಅದರ ಮೇಲೆ ಉದ್ಯೋಗ ಖಾತರಿಯಿಂದ ಸುಮಾರು 90 ದಿನಗಳ ಕೂಲಿ, ಸ್ವಚ್ಛ ಭಾರತ ಯೋಜನೆಯಿಂದ ಶೌಚಾಲಯಕ್ಕೆ 12,000 ರೂಪಾಯಿ. ಮೂರು ಇಲಾಖೆಗಳ ಹಣ ಒಂದೇ ಅಡಿಪಾಯದ ಮೇಲೆ ಕೂಡುವ ಈ ಏರ್ಪಾಡು ಕಾಗದದ ಮೇಲೆ ಬಹಳ ವಿವೇಕದ್ದು. ಫಲಾನುಭವಿಗಳ ಪಟ್ಟಿಯಲ್ಲಿ, ಕರ್ತವ್ಯದಲ್ಲಿ ಮಡಿದ ರಕ್ಷಣಾ ಪಡೆಯವರ ವಿಧವೆ ಅಥವಾ ವಾರಸುದಾರರಿಗೆ ಆದ್ಯತೆಯೂ ಇದೆ. ರಾಜ್ಯದ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ನಡೆಯುತ್ತವೆ, ಅಡಿಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಫೋಟೋ ತೆಗೆದು ಹಣ ಬಿಡುಗಡೆಯಾಗುತ್ತದೆ.

ತೊಡಕು ಇರುವುದು ಸೈನಿಕ ಮಂಡಳಿ ಮತ್ತು ಪಂಚಾಯಿತಿ ಎಂಬ ಈ ಎರಡು ಲೋಕಗಳ ನಡುವಿನ ಕಂದಕದಲ್ಲಿ. ಪಂಚಾಯಿತಿಯ ಅರ್ಜಿಯಲ್ಲಿ ಜಾತಿ, ಆದಾಯ, ವಿಧವೆ, ಅಂಗವಿಕಲ ಎಂಬ ಕಾಲಂಗಳಿಗೆ ತೂಕವಿದೆ. ಜೀವಂತವಾಗಿರುವ ಬಡ ಮಾಜಿ ಸೈನಿಕನಿಗೆ ಅಂಥ ತೂಕವಿಲ್ಲ. ಪಿಂಚಣಿ ಬರುತ್ತಿದ್ದರೆ ಆದಾಯದ ಮಿತಿ ಮೀರಿ ಬಡವರ ಪಟ್ಟಿಯಿಂದ ಹೆಸರು ಹೊರಬೀಳುತ್ತದೆ. ಆವಾಸ್ ಯೋಜನೆಯಲ್ಲಿ ಕುಟುಂಬದ ಒಬ್ಬರ ತಿಂಗಳ ಆದಾಯಕ್ಕೆ ಮೊದಲು 10,000 ರೂಪಾಯಿಯ ಮಿತಿಯಿತ್ತು, 2024ರಲ್ಲಿ ಅದನ್ನು 15,000ಕ್ಕೆ ಏರಿಸಿದರು. ಪಿಂಚಣಿ ಬರದಿದ್ದರೆ ಸೈನಿಕ ಇಲಾಖೆಯ ನಿತ್ಯದ ವ್ಯವಹಾರದಲ್ಲಿ ಅವನ ಹೆಸರೇ ಬರುವುದಿಲ್ಲ. ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನೆರಿಯದಂಥ ಹಳ್ಳಿಯಿಂದ ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಗೆ ಸುಮಾರು 80 ಕಿಲೋಮೀಟರ್. ಎರಡು ಬಸ್ಸು ಬದಲಿಸಿ ಹೋದ ಎಪ್ಪತ್ತು ದಾಟಿದವನಿಗೆ, ಇನ್ನೊಂದು ದಾಖಲೆ ತನ್ನಿ ಎಂಬ ಒಂದೇ ಮಾತು ಸಾಕು, ಮತ್ತೆ ಹೋಗದಿರಲು.

ಎಲ್ಲಕ್ಕಿಂತ ಮೊದಲಿನ ಅಡ್ಡಿ ಜಾಗದ್ದು. ವಸತಿ ಯೋಜನೆಯ ಹಣ ಬರಬೇಕಾದರೆ ನಿವೇಶನದ ದಾಖಲೆ ಬೇಕು. ಕರ್ನಾಟಕದ 1969ರ ಭೂ ಮಂಜೂರಾತಿ ನಿಯಮಗಳು ಹಂಚಿಕೆಗೆ ಲಭ್ಯವಿರುವ ಸರ್ಕಾರಿ ಭೂಮಿಯಲ್ಲಿ ಶೇ. 10ನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಟ್ಟಿವೆ. ಆದರೆ ಬೆಳ್ತಂಗಡಿಯಂಥ ತಾಲ್ಲೂಕಿನಲ್ಲಿ ಹಂಚಲು ಭೂಮಿ ಎಲ್ಲಿದೆ? ಒಂದು ಬದಿಗೆ ಮೀಸಲು ಅರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇನ್ನೊಂದು ಬದಿಗೆ ಪಟ್ಟಾ ಇರುವ ವರ್ಗ ಜಮೀನಿಗೆ ಹೊಂದಿಕೊಂಡು, ಅದರ ಒಡೆಯ ಬಳಸುವ ಸರ್ಕಾರಿ ಜಾಗವಾದ ಕುಮ್ಕಿ. ನಡುವೆ ಉಳಿದದ್ದಕ್ಕೆ ಪರಿಭಾವಿತ ಅರಣ್ಯ ಎಂಬ ಷರಾ. ಪಹಣಿಯಲ್ಲಿ ಸರ್ಕಾರ ಎಂದು ಕಂಡ ಜಾಗ ಸ್ಥಳ ತನಿಖೆಯಲ್ಲಿ ಯಾರದೋ ಅಡಿಕೆ ತೋಟವಾಗಿರುತ್ತದೆ. ಸರ್ಕಾರಿ ಜಾಗದಲ್ಲಿ ಎಂದೋ ಗುಡಿಸಲು ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಂ ಅಡಿಯಲ್ಲಿ ಹಕ್ಕುಪತ್ರ ಸಿಗುವ ದಾರಿಯಿದೆ. ಆದರೆ ದೇಶದ ಇನ್ನೊಂದು ಮೂಲೆಯಲ್ಲಿ ಕಾವಲಿದ್ದವನು ಇಲ್ಲಿ ಗುಡಿಸಲು ಕಟ್ಟಿಕೊಂಡಿರಲಿಲ್ಲ. ನಿಯಮದ ಪುಸ್ತಕದಲ್ಲಿ ಎಕರೆಗಟ್ಟಲೆ ಹಕ್ಕಿದ್ದರೂ ಮೂರು ಸೆಂಟ್ಸ್ ಜಾಗ ಸಿಗದಿರುವುದು ಹೀಗೆ. ಎಕರೆಗೆ ಕಾಯುವ ಬದಲು, ಪಂಚಾಯಿತಿಯ ನಿವೇಶನಗಳಲ್ಲಿ ಒಂದೆರಡನ್ನು ಸೂರಿಲ್ಲದ ಮಾಜಿ ಸೈನಿಕರಿಗೆ ಮೊದಲೇ ತೆಗೆದಿಡುವುದು ಇಂಥ ತಾಲ್ಲೂಕುಗಳಲ್ಲಿ ಹೆಚ್ಚು ನಡೆಯುವಂಥ ಮಾತು.

ಬೆಳ್ತಂಗಡಿ ತಾಲ್ಲೂಕಿನ ನೆರಿಯ, ಚಾರ್ಮಾಡಿ ಘಾಟಿಯ ಬುಡದ ಹಳ್ಳಿ. ಹಣವನ್ನೂ ಊರಿನ ಕೈಗಳನ್ನೂ ಕೂಡಿಸುವುದು ಹೇಗೆ ಎಂಬುದಕ್ಕೆ ಈ ಹಳ್ಳಿ ಮತ್ತು ಅದರ ಸುತ್ತಲಿನ ಪ್ರದೇಶದಲ್ಲಿ ಮೂರು ಜೀವಂತ ಪಾಠಗಳಿವೆ. ಅವು ಮಾಜಿ ಸೈನಿಕರಿಗೆಂದು ಹುಟ್ಟಿದವಲ್ಲ. ಆದರೆ ಅವರಿಗೆ ಬೇಕಾದ ಬಹುತೇಕ ಸಲಕರಣೆ ಅಲ್ಲಿದೆ.

ಮೊದಲನೆಯದು 2019ರ ಆಗಸ್ಟ್‌ನ ನೆರೆ. ಒಂದೇ ಸಮನೆ ಸುರಿದ ಮಳೆಗೆ ಘಟ್ಟದ ಬದಿ ಕುಸಿದು, ಮೃತ್ಯುಂಜಯ ಹೊಳೆ, ನೆರಿಯ ಹೊಳೆಗಳು ಮರದ ದಿಮ್ಮಿ, ಬಂಡೆ, ಕೆಸರು ಹೊತ್ತು ಚಾರ್ಮಾಡಿ, ನೆರಿಯ, ಮಲವಂತಿಗೆ, ಮಿತ್ತಬಾಗಿಲು ಭಾಗದ ಮನೆ ತೋಟಗಳಿಗೆ ನುಗ್ಗಿದವು. ಪೂರ್ತಿ ಬಿದ್ದ ಮನೆಗೆ ವಿಪತ್ತು ಪರಿಹಾರದ ಕೇಂದ್ರ ನಿಯಮದಂತೆ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು 5 ಲಕ್ಷಕ್ಕೆ ಏರಿಸಿತು. ಅದಕ್ಕೆ ದಾನಿಗಳ ಹಣ ಸೇರಿತು, ಕೆಸರು ತೆಗೆಯಲು ದೂರದೂರದಿಂದ ಯುವಕರು ಬಂದರು. 95,100 ರೂಪಾಯಿಯ ನಿಯಮ ತಪ್ಪೇನಾಗಿರಲಿಲ್ಲ, ಅದು ಒಂಟಿಯಾಗಿತ್ತು ಅಷ್ಟೆ. ಮೇಲೆ ಮತ್ತೊಂದು ಖಾತೆಯ ಹಣ, ಪಕ್ಕದಲ್ಲಿ ಊರಿನ ಶ್ರಮ ಸೇರಿದ ಮೇಲೆಯೇ ಅದು ಮನೆಯಾಯಿತು. ಮಾಜಿ ಸೈನಿಕನ 20,000ದ ದುರಸ್ತಿ ನೆರವಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು ನೆರಿಯ ಗ್ರಾಮದ ಗಂಡಿಬಾಗಿಲಿನ ಸಿಯೋನ್ ಆಶ್ರಮ. ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥರು, ಮನೆಯವರು ಕೈಬಿಟ್ಟ ವೃದ್ಧರು, ಹೆಸರು ಹೇಳಲಾರದವರು ಅಲ್ಲಿ ನೆಲೆ ಪಡೆದಿದ್ದಾರೆ. ಇಂಥ ಕಡೆ ಬಂದು ಸೇರುವವರ ಗತಕಾಲ ಎಷ್ಟೋ ಸಲ ಒಂದೆರಡು ಮಾತಿನಲ್ಲಷ್ಟೇ ಉಳಿದಿರುತ್ತದೆ. ಊರಿನ ಹೆಸರು, ತಾಯಿಯ ಹೆಸರು, ಅಥವಾ ಒಂದು ಪಲ್ಟನ್ನಿನ ಹೆಸರು. ಸೈನಿಕನ ವಿಷಯದಲ್ಲಿ ಆ ಎಳೆ ಬಹಳ ಗಟ್ಟಿ. ಪ್ರತಿ ಜವಾನನಿಗೂ ಒಂದು ಸೇನಾ ಸಂಖ್ಯೆಯಿದೆ, ಪ್ರತಿ ಸಂಖ್ಯೆಗೂ ಅವನ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿ ಒಂದು ಕಡತವಿದೆ. ಮದ್ರಾಸ್ ರೆಜಿಮೆಂಟಿನವನಾದರೆ ನೀಲಗಿರಿಯ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್‌ನವನಾದರೆ ಬೆಂಗಳೂರು. ಪಿಂಚಣಿದಾರ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಮನಸ್ಸಿನ ಹಿಡಿತ ತಪ್ಪಿ ಮನೆ ಬಿಟ್ಟವನು ಪ್ರಮಾಣಪತ್ರ ಕೊಡುವುದುಂಟೆ? ಆದರೆ ನಿಂತ ಪಿಂಚಣಿ ಸತ್ತ ಪಿಂಚಣಿಯಲ್ಲ. ಅವನು ಬದುಕಿದ್ದಾನೆ, ಇವನೇ ಅವನು ಎಂದು ಸಾಬೀತಾದರೆ ಅದು ಬಾಕಿ ಸಮೇತ ಮತ್ತೆ ಶುರುವಾಗುತ್ತದೆ. ನಿರ್ಗತಿಕನೆಂದು ದಾಖಲಾದವನೊಬ್ಬ ಸ್ವಂತ ಹಣವಿರುವ ಮನುಷ್ಯನಾಗಿ ಎದ್ದು ನಿಲ್ಲಲು ಒಂದು ಸಂಖ್ಯೆ ಸಾಕು.

ಇದಕ್ಕೆ ಕಾನೂನಿನ ಆಸರೆಯೂ ಇದೆ. ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಂಡು ವೈದ್ಯರ ಬಳಿಗೆ ಒಯ್ಯುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪೊಲೀಸ್ ಠಾಣಾಧಿಕಾರಿಗೆ ವಹಿಸಿದೆ. ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆಗೆ ಶೇ. 3ರಷ್ಟು ಉಪಕರ ವಸೂಲು ಮಾಡುತ್ತವೆ. ಮಂಗಳೂರಿನ ಪಚ್ಚನಾಡಿಯಲ್ಲಿರುವಂಥ ನಿರಾಶ್ರಿತರ ಪರಿಹಾರ ಕೇಂದ್ರಗಳು ಆ ಹಣದಿಂದ ನಡೆಯುತ್ತವೆ. ಆಶ್ರಮವಾಗಲಿ, ಪರಿಹಾರ ಕೇಂದ್ರವಾಗಲಿ ಹೊಸಬರು ಬಂದಾಗ ಕೇಳುವ ಪ್ರಶ್ನೆಗಳ ಜೊತೆ ಇನ್ನೊಂದನ್ನು ಕೇಳಿದರೆ ಸಾಕು: ನೀವು ಮಿಲಿಟ್ರಿಯಲ್ಲಿ ಇದ್ದಿರಾ? ಹೌದೆಂದರೆ ಆ ದಿನವೇ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಒಂದು ಫೋನು. ಅಮೆರಿಕದ ಆಸ್ಪತ್ರೆಗಳಲ್ಲೂ ಆಶ್ರಯಗಳಲ್ಲೂ ರೂಢಿಗೆ ತಂದ ಕೆಲಸಗಳಲ್ಲಿ ಈ ಪ್ರಶ್ನೆಯೂ ಒಂದು. ಅದಕ್ಕೆ ಬಿಡಿಕಾಸಿನ ಖರ್ಚಿಲ್ಲ.

ಮೂರನೆಯದು ಧರ್ಮಸ್ಥಳದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಶುರುವಾದದ್ದು ಬೆಳ್ತಂಗಡಿ ತಾಲ್ಲೂಕಿನಲ್ಲೇ. ದಿಕ್ಕಿಲ್ಲದ ವೃದ್ಧರಿಗೆ ಮಾಸಾಶನ ಕೊಡುವುದನ್ನು ಅದು ನಡೆಸಿಕೊಂಡು ಬಂದಿದೆ. ಹೇಮಾವತಿ ವೀ. ಹೆಗ್ಗಡೆಯವರ ಮುತುವರ್ಜಿಯಲ್ಲಿ ಮೂಡಿದ ವಾತ್ಸಲ್ಯ ಕಾರ್ಯಕ್ರಮ ಅಂಥವರಿಗೆ ಪುಟ್ಟ ಮನೆಗಳನ್ನೂ ಕಟ್ಟಿಸಿಕೊಡುತ್ತದೆ, ಪಾತ್ರೆ, ಬಟ್ಟೆ, ಹಾಸಿಗೆ ಹೊದಿಕೆಗಳನ್ನೂ ಒದಗಿಸುತ್ತದೆ. ಆ ಮನೆಗಳ ದೊಡ್ಡಸ್ತಿಕೆ ಅಳತೆಯಲ್ಲಿಲ್ಲ. ಮನೆ ಕೊಟ್ಟ ಮೇಲೆ ಊರಿನ ಸೇವಾಪ್ರತಿನಿಧಿ ಆಗಾಗ ಹೋಗಿ ಬಾಗಿಲು ತಟ್ಟುತ್ತಾರೆ ಎಂಬುದರಲ್ಲಿದೆ. ಅಮೆರಿಕದಲ್ಲಿ ಬಾಡಿಗೆ ಚೀಟಿಯ ಜೊತೆಗೆ ಕಾರ್ಯಕರ್ತನನ್ನು ಕಳಿಸಿದ್ದೂ ಇದೇ ತಿಳಿವಳಿಕೆಯಿಂದ. ಗೋಡೆ ಕಟ್ಟುವುದು ಅರ್ಧ ಕೆಲಸ, ಗೋಡೆಯೊಳಗಿನವರನ್ನು ವಿಚಾರಿಸಿಕೊಳ್ಳುವುದು ಉಳಿದರ್ಧ.

ನೆರೆಯ ದಿನಗಳು ಹಣ ಕೂಡುವ ಬಗೆಯನ್ನು ತೋರಿಸಿದವು. ಗಂಡಿಬಾಗಿಲು ಮನುಷ್ಯನನ್ನು ಗುರುತಿಸುವ ಬಾಗಿಲಾಗಬಲ್ಲದು. ವಾತ್ಸಲ್ಯ ಮನೆ ಕೊನೆಯವರೆಗೂ ಜೊತೆ ನಿಲ್ಲುವ ಕ್ರಮವನ್ನು ಬಲ್ಲದು. ಮಾಜಿ ಸೈನಿಕನ ಮಟ್ಟಿಗೆ ಇವನ್ನು ಹೆಣೆಯುವ ಕೆಲಸ ತಾಲ್ಲೂಕು ಮಟ್ಟದಲ್ಲಿ ಆಗಬೇಕು. ಅದಕ್ಕೆ ಹೊಸ ಇಲಾಖೆ ಬೇಡ, ಹೊಸ ಕಾಯ್ದೆಯೂ ಬೇಡ. ತಹಶೀಲ್ದಾರರು, ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲೆಯ ಸೈನಿಕ ಕಲ್ಯಾಣ ಅಧಿಕಾರಿ, ಮಾಜಿ ಸೈನಿಕರ ಸಂಘದ ಇಬ್ಬರು, ಒಬ್ಬ ಮನೋವೈದ್ಯರು ಅಥವಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಪ್ರತಿನಿಧಿ, ಆಶ್ರಮಗಳ ಮತ್ತು ಗ್ರಾಮಾಭಿವೃದ್ಧಿ ಯೋಜನೆಯ ಪ್ರತಿನಿಧಿಗಳು ತಿಂಗಳಿಗೊಮ್ಮೆ ಒಂದೆಡೆ ಕೂಡಬೇಕು. ಅವರ ಮುಂದೆ ಹೆಸರುಗಳಿರುವ ಒಂದೇ ಪಟ್ಟಿ ಇರಬೇಕು. ನಿವೇಶನ ಪಂಚಾಯಿತಿಯಿಂದ, ಮನೆಯ ಮುಖ್ಯ ಮೊತ್ತ ವಸತಿ ಯೋಜನೆಯಿಂದ, ಕೊರತೆ ಬಿದ್ದದ್ದು ದಾನಿಗಳಿಂದ, ತಿಂಗಳ ಖರ್ಚು ಮಾಸಾಶನದಿಂದ ಅಥವಾ ಮರಳಿ ಬಂದ ಪಿಂಚಣಿಯಿಂದ, ಕೆಂಪುಕಲ್ಲು ಹೊರುವ ಶ್ರಮ ಊರಿನ ಯುವಕರಿಂದ, ಔಷಧ ಮಂಗಳೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನಿಂದ ಅಥವಾ ವೆನ್ಲಾಕ್ ಆಸ್ಪತ್ರೆಯಿಂದ. ಈ ಎಲ್ಲ ಕೊಂಡಿಗಳು ಬಿಡಿಬಿಡಿಯಾಗಿ ಈಗಲೂ ಇವೆ. ಒಂದನ್ನು ಇನ್ನೊಂದಕ್ಕೆ ಸಿಕ್ಕಿಸುವ, ಕಡತವನ್ನು ಹಿಡಿದು ಕಚೇರಿಯಿಂದ ಕಚೇರಿಗೆ ನಡೆಯುವ ಒಬ್ಬ ಹೊಣೆಗಾರ ಮಾತ್ರ ಇಲ್ಲ. ಈ ಕೆಲಸಕ್ಕೆ ಗೌರವಧನ ಕೊಟ್ಟು ಒಬ್ಬ ನಿವೃತ್ತ ಸುಬೇದಾರರನ್ನೋ ಹವಾಲ್ದಾರರನ್ನೋ ನೇಮಿಸಿದರೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಸೇನೆಯ ಭಾಷೆಯೂ ಪಂಚಾಯಿತಿಯ ಭಾಷೆಯೂ ಅವರಿಗೆ ಬರುತ್ತದೆ. ಸ್ವಾಭಿಮಾನದಿಂದ ಬಾಯಿ ಬಿಡದ ಹಳೆಯ ಜವಾನ, ತನ್ನಂತೆ ಸೆಲ್ಯೂಟ್ ಹೊಡೆದವನ ಮುಂದೆ ಕಷ್ಟ ಹೇಳಿಕೊಂಡಾನು.

ಬಾಯಿ ಬಿಡದಿರುವುದೇ ಈ ಸಮಸ್ಯೆ ಕಣ್ಣಿಗೆ ಬೀಳದಿರಲು ದೊಡ್ಡ ಕಾರಣ. ಮಾಜಿ ಸೈನಿಕರೆಂದರೆ ಸ್ವಾತಂತ್ರ್ಯೋತ್ಸವದಂದು ಪದಕ ಧರಿಸಿ ಧ್ವಜದ ಕಂಬದ ಬಳಿ ನಿಲ್ಲುವವರು ಎಂಬ ಚಿತ್ರ ಊರಿನ ಮನಸ್ಸಿನಲ್ಲಿದೆ. ಮಂಗಳೂರಿನ ಕದ್ರಿ ಗುಡ್ಡೆಯ ಹುತಾತ್ಮರ ಸ್ಮಾರಕದಲ್ಲಿ, ಪುತ್ತೂರಿನ ಅಮರ್ ಜವಾನ್ ಜ್ಯೋತಿಯ ಮುಂದೆ ವರ್ಷವರ್ಷವೂ ಹೂವಿನ ಚಕ್ರ ಇಡುತ್ತಾರೆ. ಆ ಗೌರವ ಸಲ್ಲತಕ್ಕದ್ದೇ. ಆದರೆ ಪದಕ ಧರಿಸಲು ಇಸ್ತ್ರಿ ಮಾಡಿದ ಅಂಗಿಯಿಲ್ಲದವನು ಆ ದಿನ ಅಲ್ಲಿಗೆ ಬರುವುದೇ ಇಲ್ಲ. ಅವನನ್ನು ಹುಡುಕಿಕೊಂಡು ಹೋಗಬೇಕು.

ಹುಡುಕುವುದು ಅಸಾಧ್ಯವಲ್ಲ ಎನ್ನುವುದಕ್ಕೂ ನೆರಿಯದಲ್ಲೇ ಸಾಕ್ಷಿಯಿದೆ. ಘಟ್ಟದ ನಡುವೆ, ವಾಹನ ಹೋಗುವುದೇ ಕಷ್ಟವಾದ ಬಾಂಜಾರುಮಲೆ ಈ ಗ್ರಾಮಕ್ಕೆ ಸೇರಿದ ಮಲೆಕುಡಿಯರ ನೆಲೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಮತಗಟ್ಟೆಯ 111 ಮತದಾರರಲ್ಲಿ 111 ಜನರೂ ಮತ ಹಾಕಿದರು. ಒಬ್ಬ ಮತದಾರನೂ ಬಿಟ್ಟುಹೋಗದಂತೆ ಕಾಡಿನೊಳಗೆ ಮತಗಟ್ಟೆ ತೆರೆಯುವ ಆಡಳಿತ ಇಲ್ಲಿದೆ, ಒಬ್ಬರೂ ತಪ್ಪದಂತೆ ಬಂದು ಸಾಲಿನಲ್ಲಿ ನಿಲ್ಲುವ ಊರೂ ಇದೆ. ಒಂದು ತಾಲ್ಲೂಕಿನ ಸೂರಿಲ್ಲದ ಮಾಜಿ ಸೈನಿಕರ, ಅವರ ವಿಧವೆಯರ ಹೆಸರನ್ನು ಬರೆದುಕೊಳ್ಳುವುದು ಇದಕ್ಕಿಂತ ಕಷ್ಟದ ಕೆಲಸವಲ್ಲ.

ನಿಮ್ಮ ಊರಿನಲ್ಲಿ ಹಿಂದೆ ಮಿಲಿಟ್ರಿಯಲ್ಲಿದ್ದು ಈಗ ಟರ್ಪಾಲಿನಡಿಯೋ ಪರರ ಜಗಲಿಯಲ್ಲೋ ದಿನ ದೂಡುತ್ತಿರುವವರಿದ್ದರೆ, ಅವರ ಪೆಟ್ಟಿಗೆಯ ತಳದಲ್ಲಿರುವ ಡಿಸ್ಚಾರ್ಜ್ ಪುಸ್ತಕವನ್ನು ಹುಡುಕಿಸಿ. ಅದರಲ್ಲಿರುವ ಸೇನಾ ಸಂಖ್ಯೆಯನ್ನು ಬರೆದುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ತಲುಪಿಸಿ. ಮುಂದಿನ ಗ್ರಾಮಸಭೆಯಲ್ಲಿ ಅವರ ಹೆಸರನ್ನು ವಸತಿ ಪಟ್ಟಿಗೆ ಸೇರಿಸುವಂತೆ ಎದ್ದು ನಿಂತು ಕೇಳಿ, ನಡವಳಿ ಪುಸ್ತಕದಲ್ಲಿ ಅದು ದಾಖಲಾಗುವವರೆಗೂ ಕೂರಬೇಡಿ.